ಎರವಲು ಹಾಜರಿ

ಹಲಸೂರಿನ ಎರಡು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಯಾವುದು ವಾಸಿ ಎಂದು ಯಾರಾದರೂ ಕೇಳಿದರೆ ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ ಎಂದು ಬಹಳ ಕಾಲ ನಂಬಿದ್ದೆ. ಒಂದರಲ್ಲಿ ನಾನು ನಾಲ್ಕು ವರ್ಷ ಓದಿದೆ. ಇನ್ನೊಂದು ನನ್ನನ್ನು ಆಗಾಗ ಎರವಲು ತೆಗೆದುಕೊಂಡು ಹೋಗುತ್ತಿತ್ತು.

ನಮ್ಮ ಶಾಲೆ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿತ್ತು. ಎರಡು ಕೋಣೆ, ನಾಲ್ಕು ತರಗತಿ. ಒಂದನೇ ತರಗತಿಯವರು ಮಗ್ಗಿ ಕೂಗುತ್ತಿರುವಾಗಲೇ, ಅವರ ಬೆನ್ನಿಗೆ ಬೆನ್ನು ಕೊಟ್ಟು ಕೂತ ಮೂರನೆಯವರು ಪದ್ಯ ಹೇಳಬೇಕು. ಕಕ್ಕಸು ಒಂದೇ, ಅದರ ಬೀಗದ ಕೈ ಹೆಡ್‌ಮಾಷ್ಟ್ರ ಜೇಬಿನಲ್ಲಿ. ಆಚೆ ಶಾಲೆ ಎಂದು ನಾವು ಕರೆಯುತ್ತಿದ್ದುದು ದೊಡ್ಡ ರಸ್ತೆ ದಾಟಿದರೆ ಸಿಗುವ ಕಲ್ಲಿನ ಕಟ್ಟಡವನ್ನು. ಕೆಂಪು ನೆಲ, ಎತ್ತರದ ಕಿಟಕಿ, ಅಂಗಳದಲ್ಲಿ ಬೇವಿನ ಮರ, ನೀರು ಬರುವ ನಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ, ಹುಡುಗಿಯರ ಕಕ್ಕಸಿಗೆ ಒಳಗಿನಿಂದ ಹಾಕಿಕೊಳ್ಳುವ ಚಿಲಕ. ಅಲ್ಲಿ ಇಲ್ಲದಿದ್ದುದು ಮಕ್ಕಳು ಮಾತ್ರ. ಅದರ ಹಿಂದಿದ್ದ ಗುಡಿಸಲುಗಳನ್ನು ಎತ್ತಿಸಿದಾಗ ಅಲ್ಲಿನವರು ಊರ ಹೊರಕ್ಕೆ ಹೋದರು. ಮಕ್ಕಳ ಹೆಸರುಗಳು ಹಾಜರಿ ಪುಸ್ತಕದಲ್ಲಿ ಉಳಿದುಕೊಂಡವು.

ಇನ್‌ಸ್ಪೆಕ್ಟರ್ ಬರುವ ಹಿಂದಿನ ದಿನ ಆಚೆ ಶಾಲೆಯ ಮಿಸ್ ನಮ್ಮ ಹೆಡ್‌ಮಾಷ್ಟ್ರ ಮುಂದೆ ಬಂದು ನಿಲ್ಲುತ್ತಿದ್ದರು. ಅವರಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಹೆಡ್‌ಮಾಷ್ಟ್ರು ಕನ್ನಡಕದ ಮೇಲಿನಿಂದ ನಮ್ಮನ್ನು ನೋಡಿ, ಮದುವೆ ಮನೆಗೆ ಪಾತ್ರೆ ಕಳಿಸುವವರ ಹಾಗೆ, ಹತ್ತು ಹನ್ನೆರಡು ಜನರನ್ನು ಆರಿಸುತ್ತಿದ್ದರು. ಎರಡೂ ಶಾಲೆಗೆ ಅದೇ ಬಿಳಿ ಅಂಗಿ, ಅದೇ ನೀಲಿ ಲಂಗ. ಸರ್ಕಾರ ಮಕ್ಕಳಿಗೆಲ್ಲ ಒಂದೇ ಸಮವಸ್ತ್ರ ಯಾಕೆ ಕೊಡುತ್ತದೆ ಎಂದು ನನಗೆ ಆಗಲೇ ಗೊತ್ತಾಗಿಬಿಟ್ಟಿತು.

ನಾನು ಪ್ರತಿ ಸಲವೂ ಆಯ್ಕೆಯಾಗುತ್ತಿದ್ದೆ. ಕಾರಣ, ನಾನು ಓದುತ್ತಿದ್ದೆ. ನಮ್ಮ ಮನೆಯಲ್ಲಿ ತಮಿಳು, ಗಲ್ಲಿಯಲ್ಲಿ ದಖ್ಖನಿ ಉರ್ದು. ಅಪ್ಪ ಶಿವಾಜಿನಗರದಲ್ಲಿ ಮೂಟೆ ಹೊರುತ್ತಿದ್ದರು, ಅಮ್ಮ ಇಂದಿರಾನಗರದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಕನ್ನಡ ನನಗೆ ಯಾರೂ ಬಾಯಿಗಿಟ್ಟು ಕೊಟ್ಟದ್ದಲ್ಲ. ಬಸ್ಸಿನ ಬೋರ್ಡು, ಕಡಲೆಕಾಯಿ ಕಟ್ಟಿಕೊಟ್ಟ ಕಾಗದ, ಗೋಡೆ ಮೇಲಿನ ಚುನಾವಣೆ ಬರಹ, ಸಿಕ್ಕಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಕಲಿತದ್ದು. ಹಾಗಾಗಿ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಲು ಯೋಗ್ಯಳಾಗಿದ್ದೆ.

ಆಚೆ ಶಾಲೆಯಲ್ಲಿ ನಮಗೆ ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಡುತ್ತಿದ್ದರು. ನನ್ನ ಪಾಲಿಗೆ ನಾಲ್ಕನೇ ತರಗತಿಯ ಒಬ್ಬ ಹುಡುಗಿಯ ಹೆಸರು ಬಂತು. ಆ ಹೆಸರು ಕೂಗಿದಾಗ ಆಚೀಚೆ ನೋಡದೆ ಎದ್ದು ನಿಂತು ‘ಯೆಸ್ ಮಿಸ್’ ಎನ್ನಬೇಕು. ಒಂದು ವರ್ಷದಲ್ಲಿ ಮೂರು ಸಲ ಅಂದೆ. ಕೊನೆಯ ಸಲ ಇನ್‌ಸ್ಪೆಕ್ಟರ್ ನನ್ನಿಂದ ಪಾಠವೊಂದನ್ನು ಪೂರ್ತಿ ಓದಿಸಿದರು. ಎಲ್ಲೂ ತಡವರಿಸಲಿಲ್ಲ. ಅವರು ಹಾಜರಿ ಪುಸ್ತಕ ತರಿಸಿ, ಆ ಹೆಸರಿನ ಮುಂದೆ ಏನೋ ಬರೆದು, ಈ ಹುಡುಗಿ ಮುಂದೆ ಬರ್ತಾಳೆ ಎಂದರು. ಮಿಸ್ ಎಲ್ಲರಿಗೂ ಬನ್ನು ಕೊಟ್ಟರು, ನನಗೊಬ್ಬಳಿಗೆ ಬೇಕರಿಯ ದಿಲ್‌ಪಸಂದ್ ಕೊಟ್ಟರು. ಕಾಯಿತುರಿ, ಸಕ್ಕರೆ, ಕೆಂಪು ಟೂಟಿಫ್ರೂಟಿ ತುಂಬಿದ ದೊಡ್ಡ ತುಂಡು.

ಅದನ್ನು ಹಿಡಿದು ಗೇಟು ದಾಟುವಾಗ, ಎದುರಿನ ಮನೆಯ ಮೆಟ್ಟಿಲ ಮೇಲೆ ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡು ನಿಂತಿದ್ದಳು. ಅವರ ಮನೆ ಎತ್ತಿಸಿದ ಸಾಲಿನಲ್ಲಿರಲಿಲ್ಲ. ಅವಳ ಅಮ್ಮ ಕೆಲಸಕ್ಕೆ ಹೋಗುತ್ತಿದ್ದುದರಿಂದ ಮಗು ನೋಡಿಕೊಳ್ಳಲು ಅವಳು ಮನೆಯಲ್ಲೇ ಉಳಿದಿದ್ದಳು. ಅದು ನನಗೆ ಗೊತ್ತಾದದ್ದು ಆಮೇಲೆ. ಆಗ ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು.

“ಇವತ್ತು ನೀನೇನಾ ನಾನು?”

ನಾನು ತಲೆ ಆಡಿಸಿದೆ.

“ಹಂಗಾದ್ರೆ ಅರ್ಧ ಕೊಡು. ನನ್ ಹೆಸ್ರಿಂದು.”

“ಓದಿದ್ದು ನಾನು,” ಎಂದೆ. ಅವಳೆದುರೇ ಪೂರ್ತಿ ತಿಂದೆ.

ಮನೆಗೆ ಬಂದು, ಆಚೆ ಶಾಲೆಯೇ ಚೆನ್ನಾಗಿದೆ, ಅಲ್ಲಿಗೇ ಸೇರಿಸು ಎಂದು ಅಮ್ಮನ ಹತ್ತಿರ ಹಟ ಮಾಡಿದೆ. ಅಮ್ಮ ಪಾಪ ಅಂದು ಒಂದು ಮನೆಯ ಕೆಲಸ ಬಿಟ್ಟು ಹೆಡ್‌ಮಾಷ್ಟ್ರ ಹತ್ತಿರ ಬಂದಳು. ಅವರು ಬೈಯಲಿಲ್ಲ. ಅಲ್ಲಿ ಕಟ್ಟಡ ಇದೆ ಕಣಮ್ಮ, ಓದಿಸೋರು ಇಲ್ಲ, ನಿನ್ನ ಮಗಳನ್ನ ಇಲ್ಲೇ ಬಿಡು ಎಂದು ಕಳಿಸಿದರು. ಅದೊಂದು ಉಪಕಾರವನ್ನು ಅವರು ಮಾಡಿದರು. ಉಳಿದದ್ದನ್ನೆಲ್ಲ ನಾನು ಮಾಡಿಕೊಂಡೆ. ಹೈಸ್ಕೂಲು, ಪಿಯುಸಿ, ಬೆಳಗ್ಗೆ ಒಂದು ಅಂಗಡಿಯಲ್ಲಿ ಬಟ್ಟೆ ಮಡಿಸಿ ಮಧ್ಯಾಹ್ನ ಕಾಲೇಜಿಗೆ ಹೋಗಿ ಬಿ.ಎ. ನಮ್ಮ ಗಲ್ಲಿಯಲ್ಲಿ ಕಪ್ಪು ಗೌನು ಹಾಕಿ ಫೋಟೋ ತೆಗೆಸಿಕೊಂಡ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಬೇಕು.

ಈಗ ಇಂದಿರಾನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ರೋಗಿಗಳ ದಾಖಲೆ ನೋಡಿಕೊಳ್ಳುತ್ತೇನೆ. ಮನೆ ಕಗ್ಗದಾಸಪುರದಲ್ಲಿ. ಹೋದ ವರ್ಷ ಆಸ್ಪತ್ರೆಗೆ ಹೊಸ ಹೌಸ್‌ಕೀಪಿಂಗ್‌ನವರು ಬಂದರು. ಅವರ ಗುರುತಿನ ಚೀಟಿ ಮಾಡಿಸಲು ಪಟ್ಟಿ ನನ್ನ ಮೇಜಿಗೆ ಬಂತು. ನಾಲ್ಕನೇ ಹೆಸರು ಓದಿದ ಕೂಡಲೇ ಕುರ್ಚಿಯಿಂದ ಏಳುವಂತಾಯಿತು. ಆ ಹೆಸರಿಗೆ ನಾನು ಮೂರು ಸಲ ಎದ್ದು ನಿಂತವಳು. ಇನಿಶಿಯಲ್ಲೂ ಅದೇ.

ಊಟದ ಹೊತ್ತಿಗೆ ಅವಳನ್ನು ಹುಡುಕಿಕೊಂಡು ಹೋದೆ. ನಾನು ನೆನಪಿಸಬೇಕಾಗಲೇ ಇಲ್ಲ. ದಿಲ್‌ಪಸಂದ್ ಎಂದಳು, ನಕ್ಕಳು. ಅವಳಿಗೂ ನನಗೂ ಒಂದೇ ವಯಸ್ಸು, ಆದರೂ ಅವಳು ನನ್ನನ್ನು ಅಕ್ಕ, ನೀವು ಎಂದಳು. ನಾನು ಅವಳನ್ನು ನೀನು ಎಂದೆ. ಇಬ್ಬರಲ್ಲಿ ಯಾರೂ ಅದನ್ನು ತಿದ್ದಲಿಲ್ಲ.

ಅವಳ ಮಾರ್ಕ್ಸ್ ಕಾರ್ಡಿನ ಪ್ರತಿ ನನ್ನ ಫೈಲಿನಲ್ಲೇ ಇತ್ತು. ನಾಲ್ಕನೇ ತರಗತಿ ತೇರ್ಗಡೆ, ಕನ್ನಡ ಓದು ಉತ್ತಮ. ಅವಳಿಗೆ ಓದಲು ಬರುವುದಿಲ್ಲ. ವಾರ್ಡುಗಳನ್ನು ಬಾಗಿಲ ಬಣ್ಣದ ಮೇಲೆ ಗುರುತಿಟ್ಟುಕೊಂಡಿದ್ದಳು. ಬಾಗಿಲುಗಳಿಗೆ ಹೊಸದಾಗಿ ಬಣ್ಣ ಹೊಡೆಸಿದ ವಾರ ಎರಡು ಸಲ ತಪ್ಪು ಕೋಣೆಗೆ ಫಿನಾಯಿಲ್ ಹೊತ್ತುಕೊಂಡು ಹೋಗಿ ಬೈಸಿಕೊಂಡಳು. ಕಾರ್ಡಿನಲ್ಲಿ ಪಾಸು ಎಂದಿದೆಯಲ್ಲ ಎಂದು ಸೂಪರ್‌ವೈಸರ್ ರೇಗಿದರಂತೆ. ನನ್ನ ಹತ್ತಿರ ಬಂದು ಹೇಳಿದಳು.

“ಪಾಸ್ ಮಾಡಿದ್ದು ನೀವಲ್ವಾ ಅಕ್ಕ. ಬೈಸ್ಕೊಳೋಕೂ ನೀವೇ ಬರ್ಬೇಕಿತ್ತು.”

ತಮಾಷೆಗೇ ಅಂದಳು. ನಾನೂ ನಕ್ಕೆ. ಆಮೇಲೆ ಇಡೀ ಮಧ್ಯಾಹ್ನ ಕೆಲಸ ಸಾಗಲಿಲ್ಲ.

ಅವಳಿಗೆ ಎಂಟು ವರ್ಷದ ಮಗಳಿದ್ದಳು. ಗಂಡನ ಮನೆ ಕೆ.ಆರ್. ಪುರದ ಕಡೆ. ಅಲ್ಲಿಂದ ಜಗಳವಾಡಿಕೊಂಡು ಮಗಳ ಜೊತೆ ಹಲಸೂರಿನ ತಾಯಿಯ ಮನೆಗೆ ಬಂದುಬಿಟ್ಟಿದ್ದಳು. ಜೂನ್‌ನಲ್ಲಿ ಮೂರನೇ ತರಗತಿಗೆ ಸೇರಿಸಬೇಕು. ಮಗುವಿಗೆ ಅಕ್ಷರಗಳು ಬರುತ್ತವೆ, ಕೂಡಿಸಲು ಬರುವುದಿಲ್ಲ. “ಎರಡು ಸ್ಕೂಲೂ ನಿಮಗೆ ಗೊತ್ತು. ಯಾವುದಕ್ಕೆ ಹಾಕ್ಲಿ ನೀವೇ ಹೇಳಿ ಅಕ್ಕ. ನನ್ ಥರ ಆಗ್ಬಾರ್ದು ಅವಳು,” ಎಂದಳು. ಆಮೇಲೆ, ನನ್ನ ಮಗ ಎಲ್ಲಿ ಓದುತ್ತಾನೆ ಎಂದು ಕೇಳಿದಳು. ನಮ್ಮ ಮನೆ ಹತ್ತಿರದ ಇಂಗ್ಲಿಷ್ ಶಾಲೆ ಎಂದೆ. ಅವಳು ಹೂಂ ಎಂದು ಬಕೆಟ್ಟು ಎತ್ತಿಕೊಂಡಳು.

ಆ ಹೂಂ ಕೇಳಿದ ಮೇಲೆ ಶಾಲೆ ಆರಿಸುವ ಕೆಲಸವನ್ನು ನಾನು ಪರೀಕ್ಷೆಯ ಹಾಗೆ ಹಿಡಿದುಕೊಂಡೆ. ಮಾರ್ಚಿನಲ್ಲಿ ಅರ್ಧ ದಿನ ರಜೆ ಹಾಕಿ, ಹೇಳದೆ ಕೇಳದೆ, ಮೊದಲು ನಮ್ಮ ಶಾಲೆಗೆ ಹೋದೆ. ಗೋಡೆಯ ಮೇಲೆ ಯಾವುದೋ ಕಂಪನಿಯವರು ಬಂದು ಬಳಿದುಹೋದ ಆನೆ, ಜಿರಾಫೆ, ರಾಕೆಟ್ಟು. ಒಂದು ದೊಡ್ಡ ಟಿ.ವಿ.ಗೆ ಹೊದಿಕೆ ಹೊದಿಸಿ ಹಗ್ಗ ಕಟ್ಟಿದ್ದರು. ಮೂವರು ಶಿಕ್ಷಕರಲ್ಲಿ ಒಬ್ಬರು ಮತದಾರರ ಪಟ್ಟಿಯ ಕೆಲಸಕ್ಕೆ ಹೋಗಿದ್ದರು, ಇನ್ನೊಬ್ಬರು ಬಿಸಿಯೂಟದ ಮೊಟ್ಟೆ ಎಣಿಸುತ್ತಿದ್ದರು. ಉಳಿದ ಒಬ್ಬರು ಗಂಟಲು ಕಟ್ಟಿದ ದನಿಯಲ್ಲಿ ಮೂರು ತರಗತಿಗೆ ಒಟ್ಟಿಗೆ ಪಾಠ ಮಾಡುತ್ತಿದ್ದರು. ಹಿಂದಿನ ಸಾಲಿನ ಮಕ್ಕಳು ಒಬ್ಬರ ಜಡೆ ಇನ್ನೊಬ್ಬರಿಗೆ ಕಟ್ಟುತ್ತಿದ್ದರು. ಕಕ್ಕಸಿಗೆ ಈಗಲೂ ಬೀಗ. ನನ್ನನ್ನು ಯಾರೂ ನೀವು ಯಾರು ಎಂದೂ ಕೇಳಲಿಲ್ಲ.

ಆಚೆ ಶಾಲೆಯ ಗೇಟಿಗೆ ಅಂದು ಬೀಗ ಹಾಕಿತ್ತು. ಫಲಕದ ಮೇಲೆ ಹೆಡ್‌ಮಿಸ್ ನಂಬರು ಬರೆದಿತ್ತು. ಫೋನು ಮಾಡಿದೆ. ಸುಮ್ಮನೆ ಒಂದು ಮಗುವನ್ನು ಸೇರಿಸಬೇಕು ಎಂದಿದ್ದರೆ ಸಾಕಿತ್ತು. ನಾನು ಹಾಗೆ ಹೇಳಲಿಲ್ಲ. ಇಂಥ ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ, ಬಿ.ಎ. ಆಗಿದೆ, ಚಿಕ್ಕವಳಿದ್ದಾಗ ನಿಮ್ಮ ಶಾಲೆಯಲ್ಲಿ ಕೂತು ಓದಿದವಳು, ಒಮ್ಮೆ ಬಂದು ನೋಡಬೇಕೆಂದಿದ್ದೇನೆ ಎಂದೆ. ಹೇಗೆ ಕೂತಿದ್ದೆ ಎಂದು ಹೇಳಲಿಲ್ಲ. ಗುರುವಾರ ಬನ್ನಿ ಮೇಡಂ ಎಂದರು.

ಗುರುವಾರ ಆ ಕಲ್ಲಿನ ಕಟ್ಟಡ ನನ್ನ ನೆನಪಿನಲ್ಲಿ ಇದ್ದ ಹಾಗೇ ಇತ್ತು. ಬೇವಿನ ಮರದ ಕೆಳಗೆ ಗುಡಿಸಿದ್ದರು. ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಸಾಲಾಗಿ ಕೂತಿದ್ದರು. ಹೆಡ್‌ಮಿಸ್ ಐವತ್ತು ದಾಟಿದ ಹೆಂಗಸು, ಮೆಲುಮಾತಿನವರು. ನಾನು ಎರಡನೇ ಸಾಲಿನ ಒಂದು ಹುಡುಗಿಯನ್ನು ಎಬ್ಬಿಸಿ ಪುಸ್ತಕ ಕೊಟ್ಟೆ. ಎಡ ಹುಬ್ಬಿನ ಮೇಲೆ ಗಾಯದ ಗೆರೆಯಿದ್ದ, ಎರಡು ಜಡೆಯ ಹುಡುಗಿ. ಪುಟ ನಾನೇ ತೆರೆದು ಕೊಟ್ಟೆ, ಬಾಯಿಪಾಠ ಒಪ್ಪಿಸಬಾರದೆಂದು. ಅವಳು ಸರಾಗವಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದಿದಳು. ನನ್ನ ಕಣ್ಣು ತುಂಬಿ ಬಂತು. ನಿನ್ನ ಹೆಸರೇನು ಎಂದು ಕೇಳಿದಾಗ ಅವಳು ಒಮ್ಮೆ ಮಿಸ್ ಕಡೆ ನೋಡಿ ಆಮೇಲೆ ಹೇಳಿದಳು. ನೋಡಿದ್ದನ್ನು ನಾನು ಕಂಡೆ. ನಾಚಿಕೆ ಎಂದುಕೊಂಡೆ.

ಹೊರಡುವಾಗ ಹೆಡ್‌ಮಿಸ್, ನಿಮ್ಮ ಹೆಸರನ್ನ ನಮ್ಮ ಹಳೇ ವಿದ್ಯಾರ್ಥಿಗಳ ಬೋರ್ಡಲ್ಲಿ ಬರೆಸ್ತೀವಿ, ಆಗಬಹುದಾ ಎಂದರು. ಬೇಡ ಎನ್ನಲು ಬಾಯಿ ತೆರೆದೆ. ಆಗಬಹುದು ಎಂದೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಅವಳಿಗೆ ಖಚಿತವಾಗಿ ಹೇಳಿದೆ. ಆಚೆ ಶಾಲೆಗೇ ಹಾಕು, ಮಕ್ಕಳು ಕಡಿಮೆ, ಟೀಚರ್ ಒಳ್ಳೆಯವರು, ನಾನೇ ಓದಿಸಿ ನೋಡಿದ್ದೇನೆ. ಅವಳು ಮತ್ತೊಂದು ಮಾತು ಕೇಳಲಿಲ್ಲ. ಬಿ.ಎ. ಓದಿದವಳು ನೋಡಿ ಬಂದದ್ದು. ಜೂನ್‌ನಲ್ಲಿ ಮಗಳನ್ನು ಸೇರಿಸಿದಳು.

ಆಗಾಗ ವಿಚಾರಿಸುತ್ತಿದ್ದೆ. ಹೋಗ್ತಾಳೆ ಅಕ್ಕ, ಬರ್ತಾಳೆ ಎನ್ನುತ್ತಿದ್ದಳು. ಏನು ಕಲಿತಳು ಎಂದು ನೋಡಲು ಅವಳಿಗೆ ಬರುವುದಿಲ್ಲ. ಒಂದು ಭಾನುವಾರ ಹೋಗಿ ಮಗುವನ್ನು ಕೂರಿಸಿಕೊಳ್ಳಬಹುದಿತ್ತು. ಹೋಗಲಿಲ್ಲ. ನಾನು ಆರಿಸಿದ ಶಾಲೆ ಎಂಬ ಧೈರ್ಯದಲ್ಲಿದ್ದೆ.

ನವೆಂಬರಿನ ಒಂದು ಬೆಳಗ್ಗೆ ಕಾರಿಡಾರಿನಲ್ಲಿ ನೆಲ ಒರೆಸುತ್ತಿದ್ದವಳು ನನ್ನನ್ನು ಕಂಡು ಕೈ ನಿಲ್ಲಿಸಿದಳು.

“ಅಕ್ಕ, ಇವತ್ತು ಮಗಳನ್ನ ಮನೇಲೇ ಬಿಟ್ಬಂದೆ. ಆಫೀಸ್‌ನೋರು ಬರ್ತಾರಂತೆ, ಓದೋಕ್ ಬರ್ದಿರೋ ಮಕ್ಳು ಇವತ್ತೊಂದಿನ ಬೇಡ ಅಂದ್ರಂತೆ ಮಿಸ್.”

ಹೇಳಿದ್ದರ ಅರ್ಥ ಅವಳಿಗೆ ಗೊತ್ತಿತ್ತೋ ಇಲ್ಲವೋ, ನನ್ನ ಮುಖವನ್ನೇ ನೋಡುತ್ತಿದ್ದಳು. ನನಗಂತೂ ಗೊತ್ತಿತ್ತು. ಪರ್ಮಿಷನ್ ಹಾಕಿ, ಆಟೋ ಹಿಡಿದು ಹೋದೆ.

ಗೇಟಿನ ಹೊರಗೆ ಇಲಾಖೆಯ ಜೀಪು ನಿಂತಿತ್ತು. ಅಂಗಳ ಗುಡಿಸಿತ್ತು. ಕಿಟಕಿಯ ಹೊರಗೆ, ಬೇವಿನ ಮರದ ಪಕ್ಕ ನಿಂತುಕೊಂಡೆ. ಒಳಗೆ ಹೆಡ್‌ಮಿಸ್ ಹಾಜರಿ ಕೂಗುತ್ತಿದ್ದರು. ನನ್ನ ಗೆಳತಿಯ ಮಗಳ ಹೆಸರು ಬಂತು. ಗೆಳತಿ ಎಂದು ಬರೆದುಬಿಟ್ಟೆ, ಇರಲಿ. ಆ ಹೆಸರಿಗೆ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, ಆಚೀಚೆ ನೋಡದೆ, ‘ಯೆಸ್ ಮಿಸ್’ ಎಂದಳು. ಎಡ ಹುಬ್ಬಿನ ಮೇಲೆ ಗಾಯದ ಗೆರೆ. ಮಾರ್ಚಿನಲ್ಲಿ ನನ್ನ ಕಣ್ಣಲ್ಲಿ ನೀರು ತರಿಸಿದ ಹುಡುಗಿ. ಆಗ ನನಗೆ ಬೇರೆ ಹೆಸರು ಹೇಳಿದ್ದಳು.

ಅಧಿಕಾರಿ ಪುಸ್ತಕ ಕೊಟ್ಟರು. ಅವಳು ಓದಿದಳು. ಅಷ್ಟೇ ಚೆನ್ನಾಗಿ ಓದಿದಳು.

ಜೀಪು ಹೋಗುವವರೆಗೆ ಕಾದೆ. ಎರವಲು ಬಂದ ಮಕ್ಕಳು ಸಾಲಾಗಿ ಹೊರಗೆ ಬಂದರು. ಆ ಹುಡುಗಿಯನ್ನು ನಿಲ್ಲಿಸಿ ಯಾವ ಶಾಲೆ ಎಂದು ಕೇಳಿದೆ. ಮಾರುಕಟ್ಟೆ ಹಿಂದಿನದು, ನಾಲ್ಕನೇ ಕ್ಲಾಸು ಎಂದಳು. ನಮ್ಮ ಶಾಲೆ. ಕೈಯಲ್ಲಿ ಚಾಕಲೇಟಿತ್ತು, ಉಳಿದವರದ್ದಕ್ಕಿಂತ ದೊಡ್ಡದು. ನಾನು ಅದನ್ನು ನೋಡುತ್ತಿದ್ದುದನ್ನು ಕಂಡು ಹಿಂದಕ್ಕೆ ಬಚ್ಚಿಟ್ಟುಕೊಂಡು, “ನಾನು ಓದಿದ್ದಕ್ಕೆ ಕೊಟ್ಟಿದ್ದು,” ಎಂದಳು. ಹೌದು, ನೀನೇ ಓದಿದ್ದು, ಹೋಗು ಎಂದೆ.

ಹೆಡ್‌ಮಿಸ್ ಮೇಲೆ ಹಾಯಬೇಕೆಂದು ಬಂದಿದ್ದೆ. ಮಾರ್ಚಿನಲ್ಲಿ ನಾನು ಬರುತ್ತೇನೆಂದು ಮಕ್ಕಳನ್ನು ತರಿಸಿದ್ದಿರಾ ಎಂದು ಕೇಳಿದೆ. ಅವರು ಮುಚ್ಚಿಡಲಿಲ್ಲ. ಕಂಪನಿಯೋರೋ ದಾನಿಗಳೋ ಇರ್ಬೇಕು ಅಂದ್ಕೊಂಡೆ ಮೇಡಂ, ಮಗು ಸೇರ್ಸೋಕೆ ಅಂತ ನೀವು ಹೇಳ್ಲಿಲ್ಲ ಎಂದರು. ಅದು ನಿಜ. ನಾನು ದೊಡ್ಡವಳಾಗಿ ಕಾಣಿಸಿಕೊಳ್ಳಲು ಮಾಡಿದ ಫೋನಿಗೆ ಅವರು ಹನ್ನೊಂದು ಮಕ್ಕಳನ್ನು ಇಪ್ಪತ್ತು ಮಾಡಿಕೊಂಡು ಕಾದಿದ್ದರು.

“ಲೆಕ್ಕ ಕಮ್ಮಿಯಾದ್ರೆ ಬೀಗ ಹಾಕ್ತಾರೆ. ಓದೋಕೆ ಬರಲ್ಲ ಅಂತ ಗೊತ್ತಾದ್ರೂ ಬೀಗ ಹಾಕ್ತಾರೆ. ಐದು ಕ್ಲಾಸಿಗೆ ನಾನೊಬ್ಬಳು, ತಿಂಗಳಲ್ಲಿ ಹದಿನೈದು ದಿನ ಸರ್ವೆ ಕೆಲಸ. ಈ ಹನ್ನೊಂದು ಮಕ್ಕಳನ್ನ ಯಾರು ಕರ್ಕೋತಾರೆ, ನೀವು ಹೇಳಿ.”

ಆದರೂ, ಓದಲು ಬಾರದ ಮಗುವಿಗೆ ಓದುವ ಮಗುವಿನ ಅಂಕ ಹಾಕಿದರೆ, ಆ ಮಗುವಿಗೆ ಕಲಿಸಬೇಕೆಂದು ಇನ್ನು ಯಾರಿಗೆ ಹೊಳೆಯುತ್ತದೆ ಎಂದು ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಅವರ ತಲೆಯ ಹಿಂದಿನ ಕಪ್ಪು ಹಲಗೆ ಕಂಡಿತು. ಅಧಿಕಾರಿಗಳಿಗಾಗಿ ಬಣ್ಣದ ಸೀಮೆಸುಣ್ಣದಲ್ಲಿ ನಮ್ಮ ಶಾಲೆಯ ಹೆಮ್ಮೆ ಎಂದು ಬರೆದಿದ್ದರು. ಕೆಳಗೆ ಮೊದಲನೆಯದು ನನ್ನ ಹೆಸರು, ಪಕ್ಕದಲ್ಲಿ ಬಿ.ಎ. ನನ್ನ ಸ್ವಂತ ಹೆಸರಿನಲ್ಲಿ ನಾನು ಆ ಶಾಲೆಗೆ ಹಾಜರಾದದ್ದು ಅದೇ ಮೊದಲು. ಅದೂ ಸುಳ್ಳು, ಮತ್ತು ನಾನೇ ಒಪ್ಪಿಗೆ ಕೊಟ್ಟದ್ದು. ಮಗುವಿನ ಟಿ.ಸಿ. ಕೊಡಿ ಎಂದಷ್ಟೇ ಕೇಳಿದೆ.

ಎರಡು ಶಾಲೆಗಳನ್ನು ನಾನು ಎರಡು ಸಲ ಹೋಲಿಸಿದೆ. ಮೊದಲ ಸಲ ಚಿಲಕಕ್ಕೆ ಮರುಳಾದೆ, ಎರಡನೇ ಸಲ ನನ್ನಂಥದೇ ಇನ್ನೊಂದು ಹುಡುಗಿಗೆ. ಈಗ ಕೇಳಿದರೆ ಒಂದೇ ವ್ಯತ್ಯಾಸ ಹೇಳುತ್ತೇನೆ. ಒಂದು ಶಾಲೆ ಮಕ್ಕಳನ್ನು ಕೊಡುತ್ತದೆ, ಒಂದು ತೆಗೆದುಕೊಳ್ಳುತ್ತದೆ. ಕೊಡುವ ಕಡೆ ಇದ್ದ ಮಗು ಹೇಗೋ ಬದುಕಿಕೊಳ್ಳುತ್ತದೆ.

ಅಲ್ಲಿ ಓದಿಸೋರು ಇಲ್ಲ, ನಮ್ಮ ಶಾಲೆಗೇ ಹಾಕೋಣ ಎಂದಷ್ಟೇ ಅವಳಿಗೆ ಹೇಳಿದೆ. ಟಿ.ಸಿ. ಸಿಕ್ಕಿದ್ದು ಮುಂದಿನ ವಾರ. ತಾಯಿ, ಮಗಳು, ನಾನು ಮೂವರೂ ಹೋಗಿದ್ದೆವು. ಟಿ.ಸಿ.ಯ ಜೊತೆ ಅರ್ಧ ವರ್ಷದ ಮಾರ್ಕ್ಸ್ ಕಾರ್ಡನ್ನೂ ಕೊಟ್ಟರು. ಮಗಳು ಚೀಲ ಹೊತ್ತು ಮುಂದೆ ಮುಂದೆ ಹೋದಳು. ತಾಯಿ ಗೇಟಿನ ಹತ್ತಿರ, ಹಿಂದೆ ಅವಳು ತಮ್ಮನನ್ನು ಎತ್ತಿಕೊಂಡು ನಿಂತಿದ್ದ ಮೆಟ್ಟಿಲ ಮೇಲೆ ಕೂತು, ಪ್ಲಾಸ್ಟಿಕ್ ಕವರು ಬಿಚ್ಚಿದಳು. ಆಧಾರ್, ರೇಷನ್ ಕಾರ್ಡು, ಜಾತಿ ಪತ್ರ, ಅವಳ ಹಳೆಯ ಮಾರ್ಕ್ಸ್ ಕಾರ್ಡು ಎಲ್ಲ ಅದರಲ್ಲೇ. ಮಗಳದ್ದನ್ನು ಒಳಗಿಡಲು ಹೋದವಳು ಎರಡನ್ನೂ ತೊಡೆಯ ಮೇಲೆ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಒಂದೊಂದರ ಮೇಲೆ ಒಂದೊಂದು ಬೆರಳಿಟ್ಟಳು.

“ಇದು ಎರಡ್ರಲ್ಲೂ ಇದೆ ಅಕ್ಕ. ಏನಂತ?”

“ಉತ್ತಮ ಅಂತ. ಓದೋದ್ರಲ್ಲಿ.”

ಅವಳು ಕಾರ್ಡುಗಳನ್ನು ಒಂದರ ಮೇಲೊಂದು ಜೋಡಿಸಿ ಕವರಿಗೆ ಹಾಕಿ, ಗಂಟು ಕಟ್ಟಿದಳು.

“ಈ ಸಲ ಓದಿದ್ದು ಯಾರು?”

ನನಗೆ ಗೊತ್ತಿತ್ತು. ಹೇಳಲಿಲ್ಲ. ನಾಳೆಯಿಂದ ಅವಳ ಮಗಳು ನಮ್ಮ ಶಾಲೆಯ ಅದೇ ಕೋಣೆಯಲ್ಲಿ, ಹುಬ್ಬಿನ ಮೇಲೆ ಗಾಯದ ಗೆರೆಯಿದ್ದ ಆ ಹುಡುಗಿಯ ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕಿತ್ತು.